ಮೂವರು ಹೆಂಡತಿಯರು, ಒಂದು ಬಟ್ಟೆ

ಒಬ್ಬ ಸತ್ತ. ಅವನಿಗೆ ಮೂವರು ಹೆಂಡತಿಯರು. ಮದುವೆಯ ಕರಾರಿನ ಪ್ರಕಾರ ಒಬ್ಬಳಿಗೆ 100 ಝೂಜ್ (ಆ ಕಾಲದ ಬೆಳ್ಳಿ ನಾಣ್ಯ), ಇನ್ನೊಬ್ಬಳಿಗೆ 200, ಮತ್ತೊಬ್ಬಳಿಗೆ 300 ಸಲ್ಲಬೇಕು. ಒಟ್ಟು ಬಾಕಿ 600. ಅವನು ಬಿಟ್ಟುಹೋದ ಆಸ್ತಿ ಅಷ್ಟಿಲ್ಲ. ಯಾರಿಗೆ ಎಷ್ಟು?

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಧರ್ಮಶಾಸ್ತ್ರ ಮಿಶ್ನಾದಲ್ಲಿ ಇದಕ್ಕೆ ಉತ್ತರವಿದೆ. ಉಳಿದ ಆಸ್ತಿ 100 ಆದರೆ ಮೂವರಿಗೂ ಸಮಪಾಲು. 300 ಆದರೆ 50, 100, 150. ಅಂದರೆ ಬಾಕಿಗೆ ತಕ್ಕ ಪಾಲು. 200 ಆದರೆ ಮಾತ್ರ 50, 75, 75! ಇದು ಸಮಪಾಲೂ ಅಲ್ಲ, ಬಾಕಿಗೆ ತಕ್ಕದ್ದೂ ಅಲ್ಲ.

ಬರೆದವನ ಕೈತಪ್ಪು ಎಂದು ಪುಟ ಮಗುಚುವುದು ಸುಲಭ. ಆದರೆ ಮಿಶ್ನಾ ಮತ್ತು ಅದರ ಮೇಲಿನ ಚರ್ಚೆಗಳು ಸೇರಿದ ಗ್ರಂಥವಾದ ತಾಲ್ಮುಡ್ ಓದುವವರಿಗೆ ಅದು ಬೇರೆಲ್ಲ ದಾರಿಯೂ ಮುಚ್ಚಿದ ಮೇಲೆ ಹಿಡಿಯುವ ದಾರಿ. ಸಾಲು ಅರ್ಥವಾಗದಿದ್ದರೆ ಕೊರತೆ ಸಾಲಿನದಲ್ಲ, ತನ್ನ ಓದಿನದು ಎಂದುಕೊಂಡೇ ಅವರು ಹುಡುಕಲು ಹೊರಡುತ್ತಾರೆ. ತಾಲ್ಮುಡ್‌ನ ಅಚ್ಚಿನ ಪುಟವನ್ನು ನೋಡಿದರೇ ಈ ಸ್ವಭಾವ ಗೊತ್ತಾಗುತ್ತದೆ. ನಡುವೆ ಮೂಲ, ಒಂದು ಮಗ್ಗುಲಲ್ಲಿ ಹನ್ನೊಂದನೆಯ ಶತಮಾನದ ರಾಶಿ ಎಂಬ ವಿದ್ವಾಂಸನ ವ್ಯಾಖ್ಯಾನ, ಇನ್ನೊಂದು ಮಗ್ಗುಲಲ್ಲಿ ರಾಶಿಯೊಡನೆ ಜಗಳಕ್ಕೆ ನಿಂತ ಅವನ ಮೊಮ್ಮಕ್ಕಳ ಮತ್ತು ಶಿಷ್ಯರ ಟಿಪ್ಪಣಿಗಳು. ಒಂದೇ ಹಾಳೆಯಲ್ಲಿ ಶತಮಾನಗಳ ವಾಗ್ವಾದ.

ಓದುವುದೂ ಒಬ್ಬೊಬ್ಬರೇ ಅಲ್ಲ, ಜೋಡಿಯಾಗಿ. ಅದಕ್ಕೆ ಹವ್ರೂತಾ ಎನ್ನುತ್ತಾರೆ. ಒಬ್ಬ ಅರ್ಥ ಹೇಳಬೇಕು, ಇನ್ನೊಬ್ಬ ಅದನ್ನು ಕೆಡವಲು ನೋಡಬೇಕು. ತಾಲ್ಮುಡ್‌ನಲ್ಲೇ ಒಂದು ಕಥೆಯಿದೆ: ಓದಿನ ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡ ಮೇಲೆ ರಬ್ಬಿ (ಯಹೂದಿ ಧರ್ಮಗುರು) ಯೋಹಾನಾನನ ಜತೆ ಓದಲು ಇನ್ನೊಬ್ಬ ವಿದ್ವಾಂಸನನ್ನು ಕಳಿಸಿದರಂತೆ. ಯೋಹಾನಾನ್ ಏನು ಹೇಳಿದರೂ ಆತ ‘ನಿಮ್ಮ ಮಾತಿಗೆ ಆಧಾರವಿದೆ’ ಎನ್ನುತ್ತಿದ್ದ. ಯೋಹಾನಾನನಿಗೆ ರೇಗಿತು. ‘ನಾನು ಒಂದು ಮಾತು ಹೇಳಿದರೆ ಲಾಕಿಶ್ ಇಪ್ಪತ್ತನಾಲ್ಕು ಆಕ್ಷೇಪ ಎತ್ತುತ್ತಿದ್ದ, ನಾನು ಇಪ್ಪತ್ತನಾಲ್ಕು ಉತ್ತರ ಕೊಡುತ್ತಿದ್ದೆ. ನನ್ನ ಮಾತು ಸರಿ ಎಂದು ನನಗೆ ಗೊತ್ತಿಲ್ಲವೇ?’ ತಲೆಯಾಡಿಸುವವರಿಂದ ಅವನಿಗೆ ಏನೂ ಉಪಯೋಗವಿರಲಿಲ್ಲ.

ಮೂವರು ಹೆಂಡತಿಯರ ಒಗಟನ್ನು ಗಣಿತಜ್ಞ ರಾಬರ್ಟ್ ಔಮನ್ ಅವರ ಗಮನಕ್ಕೆ ತಂದದ್ದು ಅವರ ಮಗ, ತಾಲ್ಮುಡ್ ಓದುತ್ತಿದ್ದ ಶ್ಲೋಮೊ. ಔಮನ್ ತಮ್ಮ ಸಹೋದ್ಯೋಗಿ ಮೈಕೆಲ್ ಮಾಶ್ಲರ್ ಜತೆ ಕುಳಿತರು. ಇದೂ ಒಂದು ಹವ್ರೂತಾ ಎಂದೇ ನನಗನ್ನಿಸುತ್ತದೆ. ಹಲವರ ಹಿತಾಸಕ್ತಿಗಳು ಎದುರುಬದುರಾದಾಗಿನ ಲೆಕ್ಕಾಚಾರದ ಗಣಿತವಾದ ಗೇಮ್ ಥಿಯರಿಯಲ್ಲಿ ನ್ಯೂಕ್ಲಿಯೋಲಸ್ ಎಂಬ ಹಂಚಿಕೆಯೊಂದಿದೆ: ಅತಿ ಹೆಚ್ಚು ನೊಂದ ಗುಂಪಿನ ಅಸಮಾಧಾನವನ್ನು ಎಷ್ಟು ತಗ್ಗಿಸಲು ಸಾಧ್ಯವೋ ಅಷ್ಟು ತಗ್ಗಿಸುವುದು. ಅದು ರೂಪುಗೊಂಡದ್ದು 1969ರಲ್ಲಿ. ಅದನ್ನು ಹಾಕಿ ನೋಡಿದರೆ ಮೂರು ಸಂದರ್ಭಗಳಲ್ಲೂ ಮಿಶ್ನಾದ ಅಂಕಿಗಳೇ ಬಂದವು.

ಮಿಶ್ನಾದ ಕಾಲದವರಿಗೆ ನ್ಯೂಕ್ಲಿಯೋಲಸ್ ಗೊತ್ತಿತ್ತು ಎನ್ನುವುದು ಹಾಸ್ಯಾಸ್ಪದ. ಹಾಗಾದರೆ ಅವರ ತಲೆಯಲ್ಲಿದ್ದ ಸೂತ್ರ ಯಾವುದು? ಅದು ಸಿಕ್ಕಿದ್ದು ತಾಲ್ಮುಡ್‌ನ ಇನ್ನೊಂದು ಮೂಲೆಯಲ್ಲಿ. ಇಬ್ಬರು ಒಂದು ಬಟ್ಟೆಯನ್ನು ಹಿಡಿದುಕೊಂಡಿದ್ದಾರೆ. ಒಬ್ಬ ‘ಪೂರ್ತಿ ನನ್ನದು’ ಎನ್ನುತ್ತಾನೆ, ಇನ್ನೊಬ್ಬ ‘ಅರ್ಧ ನನ್ನದು’ ಎನ್ನುತ್ತಾನೆ. ತೀರ್ಪು: ಮುಕ್ಕಾಲು, ಕಾಲು. ಏಕೆಂದರೆ ಎರಡನೆಯವನು ಅರ್ಧವನ್ನು ತಾನಾಗಿಯೇ ಬಿಟ್ಟುಕೊಟ್ಟಿದ್ದಾನೆ. ತಕರಾರು ಇರುವುದು ಉಳಿದರ್ಧಕ್ಕೆ ಮಾತ್ರ, ಅದನ್ನಷ್ಟೇ ಸಮನಾಗಿ ಹಂಚಬೇಕು.

ಈ ಬಟ್ಟೆಯನ್ನು ಹಿಡಿದು ಹೆಂಡತಿಯರ ಬಳಿಗೆ ಬನ್ನಿ, ಆದರೆ ಮೂವರ ಬಳಿಗಲ್ಲ, ಇಬ್ಬರಿಬ್ಬರ ಬಳಿಗೆ. ನಾನು ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಲೆಕ್ಕ ಮಾಡಿ ನೋಡಿದೆ. ಆಸ್ತಿ 200 ಇದ್ದಾಗ ಮೊದಲ ಇಬ್ಬರಿಗೆ ಸಿಕ್ಕಿದ್ದು 50 ಮತ್ತು 75, ಒಟ್ಟು 125. ಮೊದಲನೆಯವಳು ಕೇಳುವುದೇ 100. ಆದ್ದರಿಂದ 25ಕ್ಕೆ ಅವಳ ತಕರಾರಿಲ್ಲ, ಅದು ಎರಡನೆಯವಳಿಗೆ. ಉಳಿದ 100ರಲ್ಲಿ ಇಬ್ಬರಿಗೂ ಐವತ್ತೈವತ್ತು. ಬಂತಲ್ಲ, 50 ಮತ್ತು 75! ಬೇರೆ ಜೋಡಿ ತೆಗೆದುಕೊಳ್ಳಿ, ಬೇರೆ ಮೊತ್ತ ತೆಗೆದುಕೊಳ್ಳಿ, ಎಲ್ಲಿಯೂ ಲೆಕ್ಕ ತಪ್ಪುವುದಿಲ್ಲ.

ಸೃಜನಶೀಲತೆ ಎಂದರೆ ಹಳೆಯದನ್ನು ಮರೆತು ಖಾಲಿ ಹಾಳೆಯಿಂದ ಶುರು ಮಾಡುವುದು ಎಂದು ತರಬೇತಿ ಶಿಬಿರಗಳಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಿ ಕಲಿಸುತ್ತಾರೆ. ಇಲ್ಲಿ ಕೆಲಸ ಮಾಡಿದ್ದು ಅದಕ್ಕೆ ತದ್ವಿರುದ್ಧವಾದ ಹಟ: ಹಳೆಯ ಸಾಲಿನ ಒಂದು ಅಂಕಿಯನ್ನೂ ತಿದ್ದದೆ, ಅದಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಇನ್ನೊಂದು ಸಾಲನ್ನು ತಂದು ಪಕ್ಕದಲ್ಲಿಡುವುದು.

ಔಮನ್ ಮತ್ತು ಮಾಶ್ಲರ್ ಪ್ರಬಂಧ 1985ರಲ್ಲಿ ಪ್ರಕಟವಾಯಿತು. ಅದನ್ನು ಶ್ಲೋಮೊನ ನೆನಪಿಗೆ ಅರ್ಪಿಸಿದ್ದಾರೆ. 1982ರ ಜೂನ್‌ನಲ್ಲಿ ಲೆಬನಾನ್ ಯುದ್ಧದಲ್ಲಿ ಅವನು ತೀರಿಕೊಂಡಿದ್ದ. 2005ರಲ್ಲಿ ಔಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಹಂಚಿಕೆ ರಬ್ಬಿ ನಾಥಾನ್ ಎಂಬಾತನದು ಎನ್ನುತ್ತದೆ ತಾಲ್ಮುಡ್. ಮಿಶ್ನಾ ಸಂಕಲಿಸಿದ ರಬ್ಬಿ ಯೆಹೂದಾ ಸ್ವತಃ ಅದನ್ನು ಒಪ್ಪಿರಲಿಲ್ಲವಂತೆ; ಮೂವರಿಗೂ ಸಮಪಾಲು ಎಂಬುದು ಅವನ ಮತ. ಆದರೂ ಒಪ್ಪದ ಲೆಕ್ಕ ಅವನ ಗ್ರಂಥದಲ್ಲಿ ಹಾಗೆಯೇ ಉಳಿದಿದೆ. ಅಂದಹಾಗೆ, ಆಸ್ತಿ 400 ಇದ್ದರೆ ಏನೆಂದು ಆ ಸಾಲು ಹೇಳುವುದಿಲ್ಲ. ಬಟ್ಟೆಯ ಸೂತ್ರ ಹೇಳುತ್ತದೆ: 50, 125, 225.