ಹಳೆಯ ಕೊಂಡಿಯನ್ನು ಅಳಿಸಬೇಡಿ, ಮುಗಿದ ದಿನ ಬರೆಯಿರಿ

ಮಣಿಪಾಲ ಯಾವ ಜಿಲ್ಲೆಯಲ್ಲಿದೆ? ಉಡುಪಿ. 1990ರಲ್ಲಿ? ಆಗ ಉಡುಪಿ ಜಿಲ್ಲೆಯೇ ಇರಲಿಲ್ಲ. ಅದು ಬೇರೆಯಾದದ್ದು 1997ರ ಆಗಸ್ಟ್ 25ರಂದು. ಅಲ್ಲಿಯ ತನಕ ಮಣಿಪಾಲ ದಕ್ಷಿಣ ಕನ್ನಡದಲ್ಲೇ ಇತ್ತು. ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಮಂಗಳೂರಿನಲ್ಲಿ ಕೂತು ನಾವು ಕಂಪ್ಯೂಟರ್‌ನಲ್ಲಿ ಕಟ್ಟುವ, ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿಡುವ ನಾಲೆಜ್ ಗ್ರಾಫ್‌ಗೆ ಹೇಳಿಕೊಡಲೇಬೇಕು. ಇಲ್ಲದಿದ್ದರೆ 1990ರ ದಕ್ಷಿಣ ಕನ್ನಡದ ಲೆಕ್ಕ ಕೇಳಿದಾಗ ಅದು ಮಣಿಪಾಲವನ್ನು ಬಿಟ್ಟೇ ಉತ್ತರ ಕೊಡುತ್ತದೆ. ತಪ್ಪು ಎಂಬ ಸೂಚನೆಯೂ ಬರುವುದಿಲ್ಲ.

ನಾಲೆಜ್ ಗ್ರಾಫ್‌ನಲ್ಲಿ ಊರು, ಬ್ಯಾಂಕು, ವ್ಯಕ್ತಿ ಹೀಗೆ ಒಂದೊಂದೂ ಒಂದು ನೋಡ್, ಅಂದರೆ ಒಂದು ಬಿಂದು. ಅವುಗಳ ನಡುವಿನ ಸಂಬಂಧವೇ ಕೊಂಡಿ. 'ಮಣಿಪಾಲ – ಜಿಲ್ಲೆ – ಉಡುಪಿ' ಅಂತ ಮೂರು ತುಂಡುಗಳಲ್ಲಿ ಒಂದು ಸಂಗತಿ ಬರೆಯುತ್ತೇವೆ. ಈ ಮೂರರಲ್ಲಿ ಕಾಲಕ್ಕೆ ಜಾಗವೇ ಇಲ್ಲ. ಜಾಗ ಖರೀದಿ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಈಗ ಜಾಗ ಯಾರ ಹೆಸರಲ್ಲಿದೆ ಎಂಬುದಕ್ಕೆ ಆರ್‌ಟಿಸಿ ಸಾಕು. ಯಾರಿಂದ ಯಾರಿಗೆ ಹೋಯ್ತು, ನಡುವೆ ಎಲ್ಲಿ ಅಡವಿತ್ತು ಎಂದು ತಿಳಿಯಲು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಬೇಕು. ಹೆಚ್ಚಿನ ಗ್ರಾಫ್‌ಗಳಲ್ಲಿ ಈಗಿನ ಹೆಸರು ಮಾತ್ರ ಇರುತ್ತದೆ.

ನಮ್ಮ ಕಡೆಯ ಬ್ಯಾಂಕುಗಳನ್ನೇ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. 1906ರಲ್ಲಿ ಮಂಗಳೂರಿನಲ್ಲಿ 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಶುರುವಾಯಿತು. ಅದೇ ವರ್ಷ ಉಡುಪಿಯಲ್ಲಿ 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್'. 1925ರಲ್ಲಿ ಮತ್ತೆ ಉಡುಪಿಯಲ್ಲೇ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್'. ಮೊದಲನೆಯದು ಕೆನರಾ ಬ್ಯಾಂಕ್ ಆಯಿತು, ಎರಡನೆಯದು ಕಾರ್ಪೊರೇಷನ್ ಬ್ಯಾಂಕ್, ಮೂರನೆಯದು ಸಿಂಡಿಕೇಟ್ ಬ್ಯಾಂಕ್. ಹೆಸರು ನೋಡಿ ಜೋಡಿಸುವ ಸಾಫ್ಟ್‌ವೇರ್ ಮೂರನ್ನೂ ಕೆನರಾ ಬ್ಯಾಂಕಿಗೇ ಅಂಟಿಸುವ ಅಪಾಯ ಇದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ನಿಜವಾಗಿಯೂ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಸೇರಿದ್ದು ಯೂನಿಯನ್ ಬ್ಯಾಂಕಿಗೆ.

ಇಲ್ಲಿ ಎರಡು ಬೇರೆ ಬೇರೆ ಬದಲಾವಣೆಗಳಿವೆ. ಹೆಸರು ಬದಲಾದಾಗ ನೋಡ್ ಅದೇ ಇರುತ್ತದೆ, ಹೆಸರಿನ ಕೊಂಡಿ ಮಾತ್ರ ಮುಗಿದು ಹೊಸದು ಶುರುವಾಗುತ್ತದೆ. ವಿಲೀನವಾದಾಗ ಒಂದು ನೋಡ್‌ನ ಬದುಕೇ ಮುಗಿಯುತ್ತದೆ, ಅದರ ಒಂದೊಂದು ಶಾಖೆಯ ಕೊಂಡಿಯೂ ಬೇರೆ ಕಡೆಗೆ ತಿರುಗುತ್ತದೆ. ಎರಡನ್ನೂ 'ಅಪ್‌ಡೇಟ್' ಅಂತ ಒಂದೇ ಬಗೆಯಲ್ಲಿ ಮಾಡಿದರೆ 2015ರ ಒಂದು ಠೇವಣಿ ಯಾವ ಬ್ಯಾಂಕಿನಲ್ಲಿತ್ತು ಎಂಬುದಕ್ಕೆ ಉತ್ತರ ಉಳಿಯುವುದಿಲ್ಲ. ಹಾಗಾಗಿ ನಾನು ಹಳೆಯ ಕೊಂಡಿ ಅಳಿಸಲು ಬಿಡುವುದೇ ಇಲ್ಲ. ಅದಕ್ಕೆ ಮುಗಿದ ದಿನ ಬರೆದು, ಪಕ್ಕದಲ್ಲಿ ಹೊಸದನ್ನು ಇಡಬೇಕು. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಾಲೆಜ್ ಗ್ರಾಫ್ ವಿಕಿಡೇಟಾದಲ್ಲೂ ಒಂದು ಹೇಳಿಕೆಗೆ ಆರಂಭದ ಮತ್ತು ಅಂತ್ಯದ ದಿನ ಸೇರಿಸುವ ವ್ಯವಸ್ಥೆ ಇದೆ.

ಅಷ್ಟಕ್ಕೇ ಮುಗಿಯಲಿಲ್ಲ. ಈ ವಿಲೀನದ ಘೋಷಣೆ ಬಂದದ್ದು 2019ರ ಆಗಸ್ಟ್ 30ಕ್ಕೆ. ಜಾರಿಯಾದದ್ದು 2020ರ ಏಪ್ರಿಲ್ 1ಕ್ಕೆ. ಸಿಂಡಿಕೇಟ್ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಕೋಡ್ ನಿಂತದ್ದು 2021ರ ಜುಲೈ 1ರಿಂದ. ಅಂದರೆ ಮಾಲೀಕತ್ವದ ಕೊಂಡಿ ಬದಲಾಗಿ ಹದಿನೈದು ತಿಂಗಳವರೆಗೆ ಕೋಡ್‌ನ ಕೊಂಡಿ ಹಳೆಯದೇ. 'ವಿಲೀನ' ಅಂತ ಒಂದೇ ತಾರೀಕು ಹಾಕಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಪ್ರತಿ ಕೊಂಡಿಗೂ ಅದರದೇ ಆರಂಭ, ಅದರದೇ ಅಂತ್ಯ.

ಇದರ ಜೊತೆಗೆ ಇನ್ನೊಂದು ಕಾಲವೂ ಬೇಕು: ಆ ಸಂಗತಿಯನ್ನು ನಾವು ದಾಖಲಿಸಿದ ದಿನ. ವಿಲೀನದ ಸುದ್ದಿಯನ್ನು ಜೂನ್‌ನಲ್ಲಿ ತುಂಬಿದ್ದೀರಿ ಅಂದುಕೊಳ್ಳಿ. ಮೇ ತಿಂಗಳ ವರದಿ ಹಳೆಯ ಬ್ಯಾಂಕಿನ ಹೆಸರಲ್ಲೇ ಹೋಗಿರುತ್ತದೆ. ಆಮೇಲೆ ಆಡಿಟರ್ 'ಇದು ಯಾಕೆ ಹೀಗೆ?' ಅಂತ ಕೇಳುತ್ತಾರೆ. ದಾಖಲಿಸಿದ ದಿನ ಇದ್ದರೆ ಮೇ ತಿಂಗಳಲ್ಲಿ ನಮಗೆ ಏನು ಗೊತ್ತಿತ್ತು ಎಂದು ತೋರಿಸಬಹುದು.

ತಿದ್ದುಪಡಿಗೂ ಇದೇ ಆಧಾರ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಸೇರಿದ್ದು ಬ್ಯಾಂಕ್ ಆಫ್ ಬರೋಡಾಕ್ಕೆ. ಯಾರೋ ಅದನ್ನು ಕೆನರಾ ಅಂತ ತುಂಬಿ, ವಾರದ ನಂತರ ಸರಿಮಾಡಿದರೆ ಹೊರಗೆ ಏನೂ ಬದಲಾಗಿಲ್ಲ, ಬದಲಾದದ್ದು ನಮ್ಮ ತಿಳುವಳಿಕೆ ಮಾತ್ರ. ಒಂದೇ ಕಾಲ ಇಟ್ಟುಕೊಂಡ ಗ್ರಾಫ್ ವಿಜಯಾ ಬ್ಯಾಂಕ್ ಒಂದು ವಾರ ಕೆನರಾದಲ್ಲಿತ್ತು ಎಂದು ಇತಿಹಾಸವನ್ನೇ ಕಟ್ಟಿಬಿಡುತ್ತದೆ. ಈ ಎರಡು ಕಾಲಗಳ ಲೆಕ್ಕ ಸಾಮಾನ್ಯ ಡೇಟಾಬೇಸ್‌ಗಳಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನದಂಡಕ್ಕೂ 2011ರಲ್ಲಿ ಸೇರಿದೆ.

ತಿಂಗಳಿಗೊಮ್ಮೆ ಇಡೀ ಗ್ರಾಫ್‌ನ ಪ್ರತಿ ತೆಗೆದಿಟ್ಟರೆ ಸಾಲದಾ ಅಂತ ಕೇಳುವವರಿದ್ದಾರೆ. ಚಿಕ್ಕ ಗ್ರಾಫ್‌ಗೆ ಸಾಕು. ಆದರೆ ಎರಡು ಪ್ರತಿಗಳ ನಡುವೆ ಶುರುವಾಗಿ ಮುಗಿದ ಕೊಂಡಿ ಎಲ್ಲಿಯೂ ಕಾಣುವುದಿಲ್ಲ.

ಗಡಿಯ ದಿನದಲ್ಲೂ ಎಚ್ಚರ ಬೇಕು. ಹಳೆಯ ಕೊಂಡಿ ಏಪ್ರಿಲ್ 1ಕ್ಕೆ ಮುಗಿದು, ಹೊಸದು ಏಪ್ರಿಲ್ 1ಕ್ಕೇ ಶುರುವಾದರೆ ಆ ದಿನ ಯಾರಿಗೆ ಸೇರಿದ್ದು? ಎರಡಕ್ಕೂ ಸೇರಿಸಿದರೆ ಶಾಖೆಯ ಲೆಕ್ಕ ಡಬಲ್. ಆರಂಭದ ದಿನ ಒಳಗೆ, ಅಂತ್ಯದ ದಿನ ಹೊರಗೆ ಎಂಬ ನಿಯಮವನ್ನು ಮೊದಲೇ ಮಾಡಿಕೊಳ್ಳಿ.

ತಾರೀಕು ಗೊತ್ತಿಲ್ಲದೆ ವರ್ಷ ಮಾತ್ರ ಗೊತ್ತಿದ್ದರೆ ವರ್ಷವನ್ನಷ್ಟೇ ಬರೆಯಿರಿ. ಸುಮ್ನೆ ಜನವರಿ 1 ಅಂತ ತುಂಬಬೇಡಿ. ಹಾಗೆ ತುಂಬಿದರೆ ಕಾರ್ಪೊರೇಷನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಎರಡೂ 1906ರ ಜನವರಿ 1ರಂದೇ ಹುಟ್ಟಿದಂತಾಗುತ್ತದೆ. ನಿಜವಾಗಿ ಉಡುಪಿಯ ಬ್ಯಾಂಕ್ ಶುರುವಾದದ್ದು ಮಾರ್ಚ್ 12ರಂದು, ಮಂಗಳೂರಿನದ್ದು ಜುಲೈ 1ರಂದು.