ಮರವಿಲ್ಲದ ಬಯಲಿನಲ್ಲಿ ಮನೆ ಕಟ್ಟಿದ್ದು ಯಾವುದರಿಂದ?

ಪ್ರಶ್ನೆ: ಅಮೆರಿಕದ ಡಕೋಟಾ ಬಯಲಿಗೆ ಮೊದಲು ಬಂದ ರೈತರಿಗೆ ಮರವೇ ಸಿಗುತ್ತಿರಲಿಲ್ಲವಂತೆ. ಹಾಗಾದರೆ ಮನೆ ಹೇಗೆ ಕಟ್ಟಿದರು? ಆ ಚಳಿಯಲ್ಲಿ ಒಲೆಗೆ ಏನು ಹಾಕುತ್ತಿದ್ದರು?

ಉತ್ತರ: ಎರಡಕ್ಕೂ ಹೆಚ್ಚಾಗಿ ಬಳಸಿದ್ದು ಹುಲ್ಲನ್ನೇ.

ಮರ ಇದ್ದದ್ದು ಹೊಳೆದಂಡೆಗಳಲ್ಲಿ ಮಾತ್ರ. ಆ ಜಾಗಗಳು ಮೊದಲು ಬಂದವರ ಪಾಲಾದವು. ನೆಲೆಸಲು ಬಂದವರಿಗೆ ಸರ್ಕಾರಿ ಜಮೀನು ಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 18 ಡಾಲರ್ ಶುಲ್ಕಕ್ಕೆ 160 ಎಕರೆ ಸಿಗುತ್ತಿತ್ತು. ಆದರೆ ಐದು ವರ್ಷ ಅಲ್ಲೇ ಮನೆ ಮಾಡಿಕೊಂಡಿದ್ದು, ಉತ್ತು ಬಿತ್ತಿ, ಇಬ್ಬರು ಸಾಕ್ಷಿಗಳಿಂದ ಹೌದು ಅನ್ನಿಸಿದ ಮೇಲೆಯೇ ಹಕ್ಕುಪತ್ರ. ಹಲಗೆ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದವರೂ ಹೇಗಾದರೂ ಮನೆ ಎಬ್ಬಿಸಲೇಬೇಕಿತ್ತು.

ಆಗ ನೆರವಾದದ್ದು ಹುಲ್ಲಿನ ಬೇರು. ಆ ಬಯಲಿನ ಎತ್ತರದ ಹುಲ್ಲುಗಳ ಬೇರು ಆರಡಿಗೂ ಆಳಕ್ಕೆ ಇಳಿದಿರುತ್ತದೆ. ಮೇಲ್ಮಣ್ಣಿನಲ್ಲಂತೂ ಅದು ಎಷ್ಟು ಒತ್ತಾಗಿ ಹೆಣೆದುಕೊಂಡಿತ್ತೆಂದರೆ, ಕನ್ನೆನೆಲ ಒಡೆಯಲು ಹಲವು ಜೋಡಿ ಎತ್ತು ಕಟ್ಟಬೇಕಾಗುತ್ತಿತ್ತು. ನೇಗಿಲಿಗೆ ಅಡ್ಡಬಂದ ಆ ಬೇರೇ ಗೋಡೆಯ ಮಣ್ಣನ್ನೂ ಬಿಗಿಹಿಡಿಯಿತು. ನೆಲ ಹಸಿಯಾಗಿರುವಾಗ ವಿಶೇಷ ನೇಗಿಲಿನಿಂದ ಒಂದಡಿ ಅಗಲ, ನಾಲ್ಕು ಅಂಗುಲ ದಪ್ಪದ ಪಟ್ಟಿ ಸೀಳಿ, ಅದನ್ನು ಸನಿಕೆಯಿಂದ ಎರಡು-ಮೂರಡಿ ಉದ್ದಕ್ಕೆ ತುಂಡರಿಸುತ್ತಿದ್ದರು. ಈ ಹೆಂಟೆಗಳನ್ನು ಹುಲ್ಲಿನ ಮುಖ ಕೆಳಗಾಗಿ, ಎರಡೆರಡು ಸಾಲು ಜೋಡಿಸಿ, ನಡುನಡುವೆ ಒಂದು ವರಸೆ ಅಡ್ಡ ಇಟ್ಟು ಕಟ್ಟಿದರೆ ಎರಡಡಿಗೂ ಮೀರಿದ ದಪ್ಪದ ಗೋಡೆ ಏಳುತ್ತಿತ್ತು. ಒಳಮೈಯನ್ನು ಸನಿಕೆಯಿಂದ ಹೆರೆದು ನುಣುಪು ಮಾಡಿ, ಕೆಲವರು ಮಣ್ಣು ಮೆತ್ತುತ್ತಿದ್ದರು, ಕೆಲವರು ಹಳೆಯ ಪೇಪರ್ ಅಂಟಿಸುತ್ತಿದ್ದರು.

ಸಂಕಟವೆಲ್ಲ ಚಾವಣಿಯದು. ನಡುವೆ ಒಂದು ತೊಲೆ, ಅದರ ಮೇಲೆ ರೆಂಬೆ, ಒಣಹುಲ್ಲು, ಮತ್ತೆ ಹೆಂಟೆ. ಜಡಿಮಳೆ ಬಂದರೆ ಹೊರಗೆ ನಿಂತ ಮೇಲೂ ಒಳಗೆ ಕೆಸರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಹಾವು, ಇಲಿ, ಮಣ್ಣು ಊಟದ ಮೇಲೆ ಬೀಳದಿರಲೆಂದು ಹೆಂಗಸರು ಚಾವಣಿಯ ಕೆಳಗೆ ಬಟ್ಟೆ ಕಟ್ಟುತ್ತಿದ್ದರು. ಅಂಥ ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡವರ ಶ್ರಮ ನನಗೆ ಉಳುಮೆಗಿಂತ ಕಡಿಮೆಯದಾಗಿ ಕಾಣುವುದಿಲ್ಲ.

ಇನ್ನು ಒಲೆಯ ವಿಚಾರ. ಮೊದಮೊದಲು ಬೈಸನ್‌ಗಳ, ಅಂದರೆ ಅಲ್ಲಿನ ಕಾಡುದನಗಳ, ಒಣಸಗಣಿ ಆಯ್ದು ತಂದರು. ಹಿಂಡುಗಳನ್ನು ಬೇಟೆಯಾಡಿ ಮುಗಿಸಿದ ಮೇಲೆ ಅದೂ ಸಿಗದಾಯಿತು. ರಷ್ಯಾದಿಂದ ಬಂದ ಜರ್ಮನ್ ಕುಟುಂಬಗಳು ಕೊಟ್ಟಿಗೆಯ ಸಗಣಿಗೆ ಹುಲ್ಲು ಸೇರಿಸಿ ತುಳಿದು, ಇಟ್ಟಿಗೆಯಂತೆ ಕತ್ತರಿಸಿ ಒಣಗಿಸುತ್ತಿದ್ದವು. ನಮ್ಮ ಬೆರಣಿಯೇ ಅದು, ತಟ್ಟುವ ಬದಲು ಕತ್ತರಿಸಿದ್ದು. ಉಳಿದವರಿಗೆ ಒಣಹುಲ್ಲೇ ಗತಿ. ಬಿಡಿಹುಲ್ಲು ಭಗ್ಗನೆ ಉರಿದು ಮುಗಿಯುತ್ತದೆ, ಅದಕ್ಕೇ ಬಿಗಿಯಾಗಿ ಹೊಸೆದು, ಮಡಚಿ, ತುದಿ ಸಿಕ್ಕಿಸಿ ಕೊರಡಿನಂತೆ ಮಾಡಿ ಒಲೆಗೆ ತುಂಬುತ್ತಿದ್ದರು. ಹಾಗಿದ್ದೂ ಅದು ಬೇಗ ಬೂದಿಯಾಗುತ್ತಿತ್ತು. 1880–81ರ ಚಳಿಗಾಲದಲ್ಲಿ ಹಿಮ ರೈಲುಹಳಿಗಳನ್ನು ಮುಚ್ಚಿ ಕಲ್ಲಿದ್ದಲು ಬರುವುದು ನಿಂತಾಗ, ಮಕ್ಕಳಾದಿಯಾಗಿ ಇಡೀ ಮನೆ ಕೂತು ಹುಲ್ಲು ಹೊಸೆಯಬೇಕಾಯಿತು.

ಈ ಕಷ್ಟಗಳ ಕತೆ ಹೇಳುವಾಗ ಆ ನೆಲ ಬರಿದಾಗಿತ್ತು ಎಂಬಂತೆ ಬರೆಯುವವರಿದ್ದಾರೆ. ಅದು ತಪ್ಪು. ಡಕೋಟಾ, ಲಕೋಟಾ ಮೊದಲಾದ ಮೂಲನಿವಾಸಿ ಜನರ ಕೈಯಿಂದ ಯುದ್ಧ, ಬೆದರಿಕೆ, ಒಪ್ಪಂದಗಳ ಮೂಲಕ ಅದನ್ನು ಕಿತ್ತುಕೊಳ್ಳಲಾಯಿತು. 1889ರಲ್ಲಿ ಅವರಿಗೆಂದು ಉಳಿಸಿದ್ದ ಗ್ರೇಟ್ ಸೂ (ಸೂ ಎಂಬುದು ಈ ಜನರಿಗೆ ಹೊರಗಿನವರು ಇಟ್ಟ ಹೆಸರು) ಮೀಸಲು ಪ್ರದೇಶವನ್ನು ಒಡೆದು ಸುಮಾರು 90 ಲಕ್ಷ ಎಕರೆಯನ್ನು ಹೊರಗಿನವರಿಗೆ ತೆರೆದರು.

ರೈಲು ಹತ್ತಿರ ಬಂದು, ಒಂದೆರಡು ಗೋಧಿ ಬೆಳೆ ಕೈಗೆ ಹತ್ತಿದವರು ಹಲಗೆ ಮನೆಗೆ ಹೋದರು. ಅಗ್ಗದ ಹಲಗೆ, ಡಾಂಬರು ಕಾಗದದ ಗುಡಿಸಲುಗಳಲ್ಲಿ ಮಾತ್ರ ಗಾಳಿ ಸಂದುಸಂದಿನಿಂದ ನುಗ್ಗುತ್ತಿತ್ತು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂಬ ಲೆಕ್ಕದಲ್ಲಿ ಹೆಂಟೆಗೋಡೆಯೇ ಮೇಲು. ಅದನ್ನರಿತ ಎಷ್ಟೋ ಮಂದಿ ಗುಡಿಸಲಿನ ಹೊರಗೋಡೆಗೆ ಮತ್ತೆ ಹೆಂಟೆ ಒಟ್ಟಿಕೊಂಡರು.