ಹವಳ ಗಿಡವೋ, ಪ್ರಾಣಿಯೋ: ಒಂದು ಹಳೇ ಜಗಳ

1706ರ ಮಾತು. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಲುಯಿಜಿ ಮಾರ್ಸಿಗ್ಲಿ ಎಂಬ ಇಟಲಿಯ ವಿದ್ವಾಂಸ, ಆಗಷ್ಟೇ ಕಡಲಿನಿಂದ ತೆಗೆದ ಕೆಂಪು ಹವಳದ ಕೊಂಬೆಗಳನ್ನು ಸಮುದ್ರದ ನೀರು ತುಂಬಿದ ಗಾಜಿನ ಪಾತ್ರೆಗಳಲ್ಲಿ ಇಟ್ಟ. ಮರುದಿನ ಬೆಳಿಗ್ಗೆ ನೋಡಿದರೆ ಕೊಂಬೆಯ ತುಂಬಾ ಪುಟ್ಟ ಪುಟ್ಟ ಬಿಳಿ ಹೂಗಳು! ಒಂದೊಂದಕ್ಕೂ ಎಂಟೆಂಟು ಎಸಳು. ನೀರಿನಿಂದ ಎತ್ತಿದರೆ ಮುದುಡುತ್ತಿದ್ದವು, ಮತ್ತೆ ಮುಳುಗಿಸಿದರೆ ಅರಳುತ್ತಿದ್ದವು.

ಹೂ ಬಿಟ್ಟ ಮೇಲೆ ಗಿಡವೇ ಅಲ್ವಾ? ಮಾರ್ಸಿಗ್ಲಿಗೂ ಹಾಗೇ ಅನಿಸಿತು. ಹವಳ ಗಿಡವೋ ಕಲ್ಲೋ ಎಂಬ ಹಳೇ ಅನುಮಾನ ತೀರಿತು ಎಂದು ವಿದ್ವಾಂಸರೂ ಒಪ್ಪಿಕೊಂಡರು.

ಅನುಮಾನ ನಿಜಕ್ಕೂ ತುಂಬಾ ಹಳೆಯದು. ಸೀ ಅನಿಮೋನ್ ಎನ್ನುವ ಕಡಲ ಹೂಗಳನ್ನು ಅರಿಸ್ಟಾಟಲ್ ಗಿಡಕ್ಕೂ ಪ್ರಾಣಿಗೂ ನಡುವೆ ಎಲ್ಲೋ ಇಟ್ಟು ಕೈತೊಳೆದುಕೊಂಡಿದ್ದ. ಮುಟ್ಟಿದರೆ ಉರಿಯುವುದರಿಂದ ಗ್ರೀಕರು ಅವನ್ನು ತುರಚೆ ಗಿಡದ ಹೆಸರಿನಿಂದಲೇ ಕರೆಯುತ್ತಿದ್ದರು. ಅಂಬಲಿ ಮೀನು, ಹವಳ, ಕಡಲ ಹೂ, ಹೈಡ್ರಾ ಎಲ್ಲವೂ ಸೇರಿದ ಗುಂಪಿಗೆ ಇವತ್ತು ಇರುವ ನೈಡೇರಿಯಾ ಎಂಬ ಹೆಸರಿನ ಬೇರೂ ಅದೇ ಗ್ರೀಕ್ ಪದ. ಪ್ರಾಣಿಗಳ ಗುಂಪಿಗೆ ಗಿಡದ ಹೆಸರು. ನನಗಂತೂ ಇದು ತಮಾಷೆ ಎನಿಸುತ್ತದೆ.

ಮಾರ್ಸಿಗ್ಲಿಯ ಮಾತನ್ನು ಒಪ್ಪದವನು ಮಾರ್ಸೇಯ ಊರಿನ ವೈದ್ಯ ಝಾನ್ ಆಂದ್ರೆ ಪೆಯ್ಸೊನೆಲ್. 1720ರ ದಶಕದಲ್ಲಿ ಅವನು ಮೊದಲು ತನ್ನೂರಿನ ಕಡಲಲ್ಲಿ, ಆಮೇಲೆ ಉತ್ತರ ಆಫ್ರಿಕಾದ ತೀರದಲ್ಲಿ ಹವಳ ತೆಗೆಯುವವರ ಜೊತೆ ಹೋಗಿ ಅದೇ ಹೂಗಳನ್ನು ಇನ್ನೂ ತಾಳ್ಮೆಯಿಂದ ನೋಡಿದ. ಪಾತ್ರೆಯನ್ನು ಬೆಂಕಿಯ ಹತ್ತಿರ ತಂದರೆ ಎಸಳುಗಳು ಚಾಚಿಕೊಂಡವು. ಅವು ಕಾಲುಗಳಂತೆ ಅಲ್ಲಾಡುವುದೂ ಕಂಡಿತು. ಸತ್ತು ಕೊಳೆತ ಹವಳ ಬಾಡಿದ ಹೂವಿನಂತಲ್ಲ, ಕೆಟ್ಟ ಮೀನಿನಂತೆ ನಾರಿತು. ಇವು ಹೂಗಳಲ್ಲ, ಕಡಲ ಹೂವಿನ ಜಾತಿಯ ಪುಟ್ಟ ಪ್ರಾಣಿಗಳು, ಕಲ್ಲಿನಂಥ ಕೊಂಬೆ ಅವು ಕಟ್ಟಿಕೊಂಡ ಮನೆ ಎಂದು ಅವನು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಬರೆದ.

ಅಲ್ಲಿದ್ದವನು ರೆಯೊಮ್ಯೂರ್. ಕೀಟಗಳ ವಿಷಯದಲ್ಲಿ ಅವನದೇ ಕೊನೆಯ ಮಾತು. ಆ ಕಾಗದದ ವಿಷಯವನ್ನು 1727ರಲ್ಲಿ ಸಭೆಗೆ ತಿಳಿಸಿದ, ಆದರೆ ಬರೆದವನ ಹೆಸರು ಹೇಳಲಿಲ್ಲ. ಪಾಪ, ಜನ ನಗುತ್ತಾರೆ ಎಂಬ ಕನಿಕರವಂತೆ! ತಪ್ಪು ಎಂದು ಹೇಳಿದ್ದರೆ ಕನಿಷ್ಠ ವಾದವಾದರೂ ನಡೆಯುತ್ತಿತ್ತು. ಹೆಸರನ್ನೇ ಮರೆಮಾಚಿದರೆ ವಾದ ಯಾರ ಜೊತೆ? ಪೆಯ್ಸೊನೆಲ್ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪಕ್ಕೆ ರಾಜವೈದ್ಯನಾಗಿ ಹೊರಟುಹೋದ.

ಗಂಟು ಬಿಚ್ಚಿಕೊಂಡಿದ್ದು ಕಡಲಿನಲ್ಲಿ ಅಲ್ಲ, ಕೊಳದ ನೀರಿನಲ್ಲಿ. 1740ರಲ್ಲಿ ಅಬ್ರಹಾಂ ಟ್ರೆಂಬ್ಲಿ ಎಂಬ ಜಿನೀವಾದ ಯುವಕ, ನೆದರ್‌ಲ್ಯಾಂಡ್ಸ್‌ನ ಹೇಗ್ ಹತ್ತಿರ ಒಬ್ಬ ಶ್ರೀಮಂತನ ಮಕ್ಕಳಿಗೆ ಪಾಠ ಹೇಳುತ್ತಿದ್ದ. ನೀರಿನ ಗಿಡಗಳ ಜೊತೆ ಒಂದು ಚಿಕ್ಕ ಹಸಿರು ಕಡ್ಡಿಯಂಥದ್ದು ಅವನ ಜಾಡಿಗೆ ಬಂತು. ತುದಿಯಲ್ಲಿ ನೂಲಿನಂಥ ಎಳೆಗಳು. ಬಣ್ಣ ನೋಡಿ ಗಿಡ ಅಂದುಕೊಂಡ. ಆದರೆ ಜಾಡಿ ಅಲ್ಲಾಡಿಸಿದರೆ ಅದು ಮುದ್ದೆಯಾಗುತ್ತಿತ್ತು. ಜಾಡಿಯನ್ನು ತಿರುಗಿಸಿಟ್ಟರೆ ನಿಧಾನವಾಗಿ ಮತ್ತೆ ಬೆಳಕಿನ ಕಡೆಗೆ ನಡೆಯುತ್ತಿತ್ತು.

ಸರಿ, ಕತ್ತರಿಸಿಯೇ ನೋಡೋಣ ಎಂದುಕೊಂಡ. ಎರಡು ತುಂಡೂ ಬದುಕಿದರೆ ಗಿಡ, ಸತ್ತರೆ ಪ್ರಾಣಿ. ಲೆಕ್ಕ ಚೆನ್ನಾಗಿಯೇ ಇತ್ತು. ನವೆಂಬರಿನಲ್ಲಿ ಕತ್ತರಿಸಿದ. ಎರಡೂ ಬದುಕಿದವು! ಕೆಲವೇ ದಿನಗಳಲ್ಲಿ ಬುಡಕ್ಕೆ ತಲೆ ಬಂತು, ತಲೆಗೆ ಬುಡ ಬಂತು. ಹಾಗಾದರೆ ಗಿಡ. ಆದರೆ ಅದೇ ಗಿಡ ಎಳೆಗಳನ್ನು ಚಾಚಿ ಹುಳು ಹಿಡಿದು ನುಂಗುವುದನ್ನೂ ಅವನು ಕಣ್ಣಾರೆ ಕಂಡ. ಮುಂದೆ ಅವನು ಇನ್ನೊಂದು ಹೆಜ್ಜೆ ಹೋದ. ಅಂಗೈ ಮೇಲಿನ ಒಂದು ಹನಿ ನೀರಿನಲ್ಲಿ ಅದನ್ನಿಟ್ಟು, ಹಂದಿಯ ಕೂದಲನ್ನು ಬುಡದಿಂದ ಒತ್ತಿ, ಕಾಲುಚೀಲ ತಿರುವಿದ ಹಾಗೆ ಒಳಗನ್ನು ಹೊರಗೆ ಮಾಡಿದ. ಅದು ಹಾಗೂ ಬದುಕಿತು. ತಲೆಯನ್ನು ಸೀಳಿದರೆ ಅಷ್ಟೂ ತಲೆಗಳಾದವು. ಗ್ರೀಕ್ ಪುರಾಣದ ಹಲವು ತಲೆಯ ಹಾವಿನ ಹೆಸರು, ಹೈಡ್ರಾ, ಅದಕ್ಕೆ ಅಂಟಿಕೊಂಡಿತು.

ಟ್ರೆಂಬ್ಲಿಯ ಕಾಗದ ಹೋಗಿದ್ದು ಅದೇ ರೆಯೊಮ್ಯೂರ್‌ಗೆ. ಈ ಸಲ ಅವನು ತಾನೇ ತುಂಡು ಮಾಡಿ ನೋಡಿದ. 1741ರಲ್ಲಿ ಬರ್ನಾರ್ ದ ಜುಸ್ಸಿಯೂ ಎಂಬ ಸಸ್ಯವಿಜ್ಞಾನಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಹೋಗಿ ಕಡಲ ಜೀವಿಗಳಲ್ಲೂ ಹೈಡ್ರಾದಂಥ, ತುದಿಯಲ್ಲಿ ಎಳೆಗಳಿರುವ ಪುಟ್ಟ ಪ್ರಾಣಿಗಳನ್ನು, ಅಂದರೆ ಪಾಲಿಪ್‌ಗಳನ್ನು ಕಂಡು ಬಂದ. 1742ರಲ್ಲಿ ರೆಯೊಮ್ಯೂರ್ ಪೆಯ್ಸೊನೆಲ್‌ನ ಹೆಸರನ್ನು ಬಾಯಿಬಿಟ್ಟು ಹೇಳಿದ. ಸುಮಾರು ಹದಿನೈದು ವರ್ಷ ತಡವಾಗಿ.

ಅಂಬಲಿ ಮೀನಿನದು ಬೇರೆಯದೇ ಪೇಚು. ನಾರ್ವೆಯ ಪಾದ್ರಿ ಮಿಕೇಲ್ ಸಾರ್ಸ್ 1829ರಲ್ಲಿ ಎರಡು ಪುಟ್ಟ ಕಡಲ ಜೀವಿಗಳಿಗೆ ಎರಡು ಹೊಸ ಹೆಸರು ಕೊಟ್ಟ. ಒಂದು ಹೈಡ್ರಾ ಥರ ಬಂಡೆಗೆ ಅಂಟಿಕೊಂಡಿತ್ತು. ಇನ್ನೊಂದು ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಂತಿತ್ತು. ಆಮೇಲೆ ಅವನೇ ನೋಡುತ್ತಾನೆ: ಮೊದಲನೆಯದೇ ಬೆಳೆದು ಎರಡನೆಯದಾಗುತ್ತದೆ, ಮೇಲಿನ ತಟ್ಟೆಗಳು ಒಂದೊಂದಾಗಿ ಕಳಚಿ ಈಜಿ ಹೋಗುತ್ತವೆ, ಅವೇ ಮರಿ ಅಂಬಲಿ ಮೀನುಗಳು. ಅಂದರೆ ಅಂಟಿಕೊಂಡ ಪಾಲಿಪ್ ಮತ್ತು ತೇಲುವ ಅಂಬಲಿ ಮೀನು ಒಂದೇ ಜೀವಿಯ ಎರಡು ವೇಷ. ಹವಳ ಮತ್ತು ಕಡಲ ಹೂಗಳಿಗೆ ಈ ತೇಲುವ ವೇಷ ಇಲ್ಲ.

ಇಡೀ ಬಳಗವನ್ನು ಒಂದೇ ಕಡೆ ಕಟ್ಟಿಹಾಕುವುದು ಕುಟುಕು ಕಣ. ಅದರೊಳಗೆ ಒಂದು ಗಟ್ಟಿ ಡಬ್ಬಿ, ಡಬ್ಬಿಯಲ್ಲಿ ಸುತ್ತಿಟ್ಟ ಟೊಳ್ಳು ನೂಲು. ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು. ಹೈಡ್ರಾದಲ್ಲಿ ಅದರ ಮುಳ್ಳು ಚಿಮ್ಮಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಬೇಡ. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಇರುವುದು ಬರೀ ನರಗಳ ಬಲೆ. ದಡದಲ್ಲಿ ಸತ್ತುಬಿದ್ದ ಅಂಬಲಿ ಮೀನೂ ಕುಟುಕುವುದು ಇದಕ್ಕೇ.

ಇಷ್ಟಾದ ಮೇಲೆ ಜಗಳ ಮುಗಿಯಬೇಕಿತ್ತು. 1881ರಲ್ಲಿ ಕಾರ್ಲ್ ಬ್ರಾಂಡ್ಟ್ ಎಂಬ ಜರ್ಮನ್ ವಿಜ್ಞಾನಿ ಮತ್ತೆ ಶುರು ಮಾಡಿದ. ಇಂಥ ಜೀವಿಗಳ ಮೈಯೊಳಗೆ ಕಾಣುವ ಹಳದಿ ಕಣಗಳು ಅವುಗಳ ಸ್ವಂತದ್ದಲ್ಲ, ಒಳಗೆ ಬಾಡಿಗೆಗಿರುವ ಪಾಚಿ ಎಂದು ತೋರಿಸಿ ಅದಕ್ಕೆ ಝೂಕ್ಸಾಂತೆಲ್ಲಾ ಎಂದು ಹೆಸರಿಟ್ಟ. ಬಾಡಿಗೆ ಎಷ್ಟು ಎಂಬುದು ಮಾತ್ರ ಬಹಳ ಕಾಲ ಗೊತ್ತಾಗಲಿಲ್ಲ. 1928-29ರಲ್ಲಿ ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲು ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ತಂಡದ ನಾಯಕ ಮಾರಿಸ್ ಯಂಗ್, ಹವಳ ಅಪ್ಪಟ ಮಾಂಸಾಹಾರಿ, ಪಾಚಿಯಿಂದ ಅದಕ್ಕೆ ಊಟ ಸಿಗುವುದಿಲ್ಲ ಎಂದೇ ವಾದಿಸಿದ. 1958ರಲ್ಲಿ ಮಸ್ಕಟೈನ್ ಮತ್ತು ಹ್ಯಾಂಡ್ ಎಂಬ ವಿಜ್ಞಾನಿಗಳು ವಿಕಿರಣಶೀಲ ಇಂಗಾಲವನ್ನು ಗುರುತಿನಂತೆ ಬಳಸಿ, ಪಾಚಿ ಬಿಸಿಲಿನಲ್ಲಿ ತಯಾರಿಸಿದ್ದು ಕಡಲ ಹೂವಿನ ಮೈಗೆ ಸೇರುವುದನ್ನು ಹಿಡಿದರು. ದಿಬ್ಬ ಕಟ್ಟುವ ಹವಳಗಳ ಊಟದ ಬಹುಪಾಲು ಹೀಗೇ ಬರುತ್ತದೆ ಎಂಬುದು ಈಗ ಗೊತ್ತು. ಕಡಲು ಬಿಸಿಯಾಗಿ, ಬೇಸಿಗೆಯ ಮಾಮೂಲಿ ಮಟ್ಟಕ್ಕಿಂತ ಬರೀ ಒಂದು ಡಿಗ್ರಿ ಜಾಸ್ತಿ ಕೆಲವು ವಾರ ಹಾಗೇ ನಿಂತರೂ ಸಾಕು, ಹವಳ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. 1998 ಮತ್ತು 2016ರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬಿಳಿಚಿದ್ದು ಕೂಡಲೇ ಸಾಯುವುದಿಲ್ಲ. ಪಾಚಿ ಬೇಗ ಮರಳದಿದ್ದರೆ ಉಪವಾಸ ಬಿದ್ದು ಸಾಯುತ್ತದೆ.

ಟ್ರೆಂಬ್ಲಿ ನೋಡಿದ ಹೈಡ್ರಾದ ಹಸಿರೂ ಅದರ ಸ್ವಂತದ್ದಾಗಿರಲಿಲ್ಲ. ಜೀವಕೋಶಗಳೊಳಗೆ ಕೂತ ಹಸಿರು ಪಾಚಿಯದು. ಬಣ್ಣ ನೋಡಿ ಗಿಡ ಎಂದುಕೊಂಡಾಗ ಅವನು ಪೂರ್ತಿ ತಪ್ಪಿರಲಿಲ್ಲ. ಆದರೆ ಮಾರ್ಸಿಗ್ಲಿ ಹೂ ಕಂಡ ಮೆಡಿಟರೇನಿಯನ್‌ನ ಆ ಕೆಂಪು ಹವಳ ಇದೆಯಲ್ಲ, ಅದರೊಳಗೆ ಇಂಥ ಪಾಚಿ ಇಲ್ಲವೇ ಇಲ್ಲ.